ಓನಾಮಕ್ಕೂ ಮುಂಚಿನ ಓದು ಬರಹ

ಕಳೆದ ಶ್ರಾವಣ ಮಾಸದ ಒಂದು ಸಂಜೆ ಬಸವೇಶ್ವರನಗರದಲ್ಲಿರುವ ನಮ್ಮ ಬಂಧುಗಳ ಮನೆಗೆ ಹೋಗಿದ್ದೆವು. ಮನೆಯ ಹಿರಿಯರಾದ ಅಜ್ಜಿ ನಡುಮನೆಯಲ್ಲಿ ಕುಳಿತು ತಿಂಗಳ ದಿನಸಿಯ ಚೀಟಿ ಬರೆಯುತ್ತಿದ್ದರು. ಅವರ ಮಗ್ಗುಲಲ್ಲಿ ನಾಲ್ಕು ವರ್ಷದ ಮೊಮ್ಮಗಳು ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಹಾಕಿಕೊಂಡು ತಾನೂ ಏನನ್ನೋ ಬರೆಯುವುದರಲ್ಲಿ ಮೈಮರೆತಿದ್ದಳು. ಹಾಳೆಯ ಮೇಲೆ ಒಂದರ ಕೆಳಗೊಂದರಂತೆ ಐದು ಅಂಕುಡೊಂಕು ಗೆರೆಗಳಿದ್ದವು.

"ಇದೇನಮ್ಮ ಬರೆದಿರುವುದು?" ಎಂದು ಕೇಳಿದೆವು.

"ಅಂಗಡಿ ಚೀಟಿ" ಎಂದಳು.

"ಎಲ್ಲಿ, ಓದು ನೋಡೋಣ."

ಮಗು ಪ್ರತಿಯೊಂದು ಗೆರೆಯ ಮೇಲೂ ಬೆರಳಿಟ್ಟು ಗಂಭೀರವಾಗಿ ಓದಿತು: "ಅಕ್ಕಿ, ಬೇಳೆ, ಬೆಲ್ಲ, ಉಪ್ಪು, ನನಗೆ ಬಿಸ್ಕತ್ತು." ಅಕ್ಕಿಯ ಗೆರೆ ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ಹರಿದಿತ್ತು. ಉಪ್ಪಿನ ಗೆರೆಯಾದರೋ ಬೆರಳುದ್ದವೂ ಇರಲಿಲ್ಲ. ಕಾರಣ ಕೇಳಿದಾಗ, ಇಷ್ಟೂ ತಿಳಿಯದೆ ಎಂಬಂತೆ ನಮ್ಮ ಮುಖ ನೋಡಿ, "ಅಕ್ಕಿ ಮೂಟೆ ದೊಡ್ಡದು ಅಲ್ವಾ? ಉಪ್ಪಿನ ಪಾಕೀಟು ಚಿಕ್ಕದು" ಎಂದಳು. ಕಾಫಿ ಕುಡಿದ ಮೇಲೆ ಮತ್ತೊಮ್ಮೆ ಓದಿಸಿದೆವು. ಅದೇ ಐದು ಸಾಮಾನು, ಅದೇ ಕ್ರಮ.

ಅಷ್ಟರಲ್ಲಿ ಮಗುವಿನ ತಂದೆ ಕೆಲಸದಿಂದ ಬಂದರು. ಶಿಶುವಿಹಾರದಿಂದ ಕೊಟ್ಟ ಬರೆಯುವ ಪುಸ್ತಕ ತೆರೆದು ನೋಡಿದರೆ ಎರಡು ಪುಟ ಖಾಲಿ. "ಗೀಚಿದ್ದು ಸಾಕು, ಹೋಮ್‌ವರ್ಕ್ ತೆಗಿ" ಎಂದರು. ಮುಂದಿನ ಅರ್ಧ ಗಂಟೆ ಆ ಮನೆಯಲ್ಲಿ ಒಂದೇ ಅಕ್ಷರ ಎರಡು ಪುಟ ತುಂಬುವವರೆಗೆ ಅಳುವಿನ ನಡುವೆ ಬರೆಯಲ್ಪಟ್ಟಿತು. ಅದು ಯಾವ ಅಕ್ಷರವೆಂದು ಕೊನೆಯಲ್ಲಿ ಕೇಳಿದಾಗ ಮಗುವಿಗೆ ಹೇಳಲಾಗಲಿಲ್ಲ. ತಂದೆಯನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಮಗಳು ತರಗತಿಯಲ್ಲಿ ಹಿಂದೆ ಬಿದ್ದಿದ್ದಾಳೆಂದು ಶಾಲೆಯವರು ಹೇಳಿ ಕಳುಹಿಸಿದ್ದರು. ಯಾವ ತಂದೆಗೆ ತಾನೆ ಆತಂಕವಾಗುವುದಿಲ್ಲ?

ಆದರೆ ಮನೆಗೆ ಮರಳುವಾಗ ಒಂದು ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಆ ಸಂಜೆ ಆ ಮಗು ನಿಜವಾಗಿ ಬರೆದದ್ದು ಯಾವುದು? ಅರ್ಥವೇ ತಿಳಿಯದೆ ತುಂಬಿಸಿದ ಎರಡು ಪುಟಗಳೋ, ಅಥವಾ ಎರಡು ಬಾರಿ ಓದಿದರೂ ಅರ್ಥ ಬದಲಾಗದಿದ್ದ ಆ ಐದು ಗೆರೆಗಳೋ?

ಗೀಚಿದ್ದರಲ್ಲಿ ಏನಿತ್ತು?

ಆ ಹಾಳೆಯನ್ನು ಸಾವಧಾನವಾಗಿ ನೋಡೋಣ. ಬರೆದಿಟ್ಟುದು ನೆನಪಿಗಾಗಿ ಎಂಬುದು ಆ ಮಗುವಿಗೆ ತಿಳಿದಿದೆ. ಚೀಟಿಯಲ್ಲಿ ಒಂದು ಸಾಮಾನಿಗೆ ಒಂದು ಸಾಲು ಎಂಬುದು ತಿಳಿದಿದೆ. ಸಾಲು ಎಡದಿಂದ ಬಲಕ್ಕೆ ಸಾಗಬೇಕು, ಮೇಲಿನಿಂದ ಕೆಳಕ್ಕೆ ಇಳಿಯಬೇಕು ಎಂಬುದೂ ತಿಳಿದಿದೆ. ಎಲ್ಲಕ್ಕಿಂತ ಮಿಗಿಲಾಗಿ, ಕಾಗದದ ಮೇಲಿನ ಗುರುತು ಎದುರಿಗಿಲ್ಲದ ವಸ್ತುವಿನ ಪರವಾಗಿ ನಿಲ್ಲಬಲ್ಲದು ಎಂಬ ದೊಡ್ಡ ಸತ್ಯ ತಿಳಿದಿದೆ. ಇಷ್ಟನ್ನೂ ಯಾರೂ ಪಾಠ ಹೇಳಿರಲಿಲ್ಲ. ತಿಳಿಯದಿದ್ದುದು ಒಂದೇ: ಅಕ್ಷರವು ವಸ್ತುವಿನ ಗಾತ್ರವನ್ನಲ್ಲ, ಬಾಯಿಯ ಸದ್ದನ್ನು ಹಿಡಿದಿಡುತ್ತದೆ ಎಂಬುದು.

ದೊಡ್ಡ ವಸ್ತುವಿಗೆ ದೊಡ್ಡ ಗೆರೆ ಎಂಬುದು ಬಸವೇಶ್ವರನಗರದ ಈ ಒಂದು ಮಗುವಿನ ತರ್ಕ ಮಾತ್ರವಲ್ಲ. ಅರ್ಜೆಂಟೀನಾ ದೇಶದ ವಿದುಷಿ ಎಮಿಲಿಯಾ ಫೆರೆರೊ ಅವರು ಆನಾ ಟೆಬೆರೊಸ್ಕಿ ಅವರೊಡನೆ ಇನ್ನೂ ಓದು ಬಾರದ ಮಕ್ಕಳನ್ನು ಬಹುಕಾಲ ಗಮನಿಸಿ 1979ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ದೊಡ್ಡ ಪ್ರಾಣಿಯ ಹೆಸರಿಗೆ ಹೆಚ್ಚು ಅಕ್ಷರ ಬೇಕು, ಒಂದೆರಡು ಅಕ್ಷರ ಮಾತ್ರವಿದ್ದರೆ ಅದು ಓದುವಂಥದ್ದಲ್ಲ ಎಂದೆಲ್ಲ ಮಕ್ಕಳು ತಾವೇ ನಿಯಮ ಕಟ್ಟಿಕೊಳ್ಳುವುದನ್ನು ಅವರು ಕಂಡರು. ಎಲ್ಲಿಯ ಸ್ಪ್ಯಾನಿಷ್ ಭಾಷೆ, ಎಲ್ಲಿಯ ಕನ್ನಡ! ಹಸುಳೆಗಳ ಬುದ್ಧಿ ಎಲ್ಲೆಡೆಯೂ ಖಾಲಿ ಹಲಗೆಯಾಗಿರುವುದಿಲ್ಲ. ಅದು ಊಹಿಸುತ್ತದೆ, ಪರೀಕ್ಷಿಸುತ್ತದೆ, ತಪ್ಪಿದರೆ ತಿದ್ದಿಕೊಳ್ಳುತ್ತದೆ.

ಸನ್ನೆಯಿಂದ ಕಾಗದದವರೆಗೆ

ಬರಹದ ಬೇರು ಬಳಪದಲ್ಲಿಲ್ಲ. ರಷ್ಯದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್ಸ್ಕಿ (1896-1934) ಅದನ್ನು ಮಗುವಿನ ಕೈಸನ್ನೆಯಲ್ಲಿ ಗುರುತಿಸಿದರು. ಚಂದಮಾಮನ ಕಡೆಗೆ ಚಾಚಿದ ಬೆರಳು ಮೊದಲ ಗುರುತು. ಆಮೇಲೆ ಆಟ, ಆಮೇಲೆ ಚಿತ್ರ, ಕಟ್ಟಕಡೆಗೆ ಅಕ್ಷರ. ಕೋಲನ್ನು ಕಾಲುಗಳ ನಡುವೆ ಇಟ್ಟುಕೊಂಡು ಕುದುರೆಯೆಂದು ಓಡುವ ಬಾಲಕ, ಒಂದು ವಸ್ತು ಇನ್ನೊಂದಕ್ಕೆ ಪ್ರತಿನಿಧಿಯಾಗಬಲ್ಲದು ಎಂಬುದನ್ನು ಅನುಭವದಿಂದ ಅರಿಯುತ್ತಾನೆ. 'ಕ' ಎಂಬ ಆಕಾರವು ಒಂದು ಸದ್ದಿಗೆ ಪ್ರತಿನಿಧಿ ಎಂಬ ಪಾಠ ಮುಂದೆ ಅವನಿಗೆ ಹೊಸದಾಗುವುದಿಲ್ಲ.

ಲಂಡನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದ ಗುಂಥರ್ ಕ್ರೆಸ್ ಅವರ 'ಬಿಫೋರ್ ರೈಟಿಂಗ್' ಎಂಬ ಗ್ರಂಥ 1997ರಲ್ಲಿ ಹೊರಬಂತು. ಅವರ ಮೂರು ವರ್ಷದ ಮಗು ಕೆಲವು ಸುತ್ತುಗಳನ್ನು ಬರೆದು ಅದನ್ನು ಕಾರು ಎಂದಿತ್ತಂತೆ. ನಾವಾದರೆ ಕಾರು ಎಲ್ಲಿದೆಯೆಂದು ಹುಡುಕುತ್ತಿದ್ದೆವು. ಕ್ರೆಸ್ ಅವರು ಅದರಲ್ಲಿ ಚಕ್ರಗಳನ್ನು ಕಂಡರು. ಅಷ್ಟೆತ್ತರದ ಮಗುವಿನ ಕಣ್ಣಿಗೆ ಕಾರಿನಲ್ಲಿ ಮುಖ್ಯವಾಗಿ ಕಾಣುವುದು ಚಕ್ರವೇ ಅಲ್ಲವೆ? ಮಗು ತನಗೆ ಮುಖ್ಯವೆನಿಸಿದ್ದನ್ನು ಆರಿಸಿ, ಕೈಗೆ ಸಿಕ್ಕ ಸಾಧನದಿಂದ ಹೇಳುತ್ತದೆ. ಅದು ಬಳಪವಾಗಬಹುದು, ರಟ್ಟಿನ ಡಬ್ಬಿಯಾಗಬಹುದು, ರೊಟ್ಟಿಯ ಹಿಟ್ಟಿನ ಉಂಡೆಯೂ ಆಗಬಹುದು.

ಇದಕ್ಕೆ ದೂರದ ನಿದರ್ಶನಗಳೇ ಬೇಕಿಲ್ಲ. ರಾಜಾಜಿನಗರದ ಪರಿಚಿತರ ಮನೆಯಲ್ಲಿ ಐದು ವರ್ಷದ ಬಾಲಕನೊಬ್ಬನಿದ್ದಾನೆ. ಅವನ ತಾಯಿಯ ತವರು ಕೆಂಗೇರಿ. 2021ರ ಆಗಸ್ಟಿನಲ್ಲಿ ಮೆಟ್ರೋ ರೈಲು ಕೆಂಗೇರಿ ಮುಟ್ಟಿದ ಮೇಲೆ ಅಜ್ಜಿಯ ಮನೆಗೆ ರೈಲಿನಲ್ಲೇ ಪಯಣ. ಅವನಿಗೆ ಒಂದಕ್ಷರವೂ ಬಾರದು. ಆದರೆ ಮೆಜೆಸ್ಟಿಕ್ಕಿನವರೆಗೆ ಹಸಿರು ರೈಲು, ಅಲ್ಲಿಂದ ಮುಂದೆ ನೇರಳೆ ರೈಲು ಎಂಬುದನ್ನು ಫಲಕದ ಬಣ್ಣ ನೋಡಿ ಮನೆಮಂದಿಗೆಲ್ಲ ಅವನೇ ಹೇಳುತ್ತಾನೆ. ಇದು ಓದಲ್ಲದೆ ಮತ್ತೇನು? ಮನೆಯಲ್ಲಿ ಕುರ್ಚಿಗಳನ್ನು ಸಾಲಾಗಿ ಇಟ್ಟರೆ ಅದೇ ರೈಲು, ಬಾಟಲಿಯ ಮುಚ್ಚಳಗಳೇ ಟೋಕನ್ನು, ಸೌಟೇ ಮೈಕು. ಮುಂದಿನ ನಿಲ್ದಾಣವನ್ನು ಸಾರುವಾಗ ಅವನ ದನಿಯೇ ಬೇರೆ, ಮಾತೇ ಬೇರೆ. ತಂಗಿಯೊಡನೆ ಜಗಳವಾಡುವ ಕನ್ನಡಕ್ಕೂ ರೈಲಿನಲ್ಲಿ ಸಾರುವ ಕನ್ನಡಕ್ಕೂ ವ್ಯತ್ಯಾಸವಿದೆಯೆಂದು ಯಾವ ವ್ಯಾಕರಣವೂ ಅವನಿಗೆ ಕಲಿಸಿಲ್ಲ.

ವಿಜಯನಗರದ ಮಾರುಕಟ್ಟೆಯ ಬದಿಯಲ್ಲಿ ಹೂ ಮಾರುವ ತಾಯಿಯೊಬ್ಬರ ಪಕ್ಕ ಕುಳಿತ ಪುಟ್ಟ ಹುಡುಗಿಯನ್ನೂ ನಾವು ಕಂಡಿದ್ದೇವೆ. ಬಾಳೆನಾರನ್ನು ಮೊಳಕೈಯಿಂದ ಬೆರಳ ತುದಿಯವರೆಗೆ ಎಳೆದು, ತಾಯಿಯಂತೆಯೇ "ಒಂದು ಮೊಳ, ಎರಡು ಮೊಳ" ಎಂದು ಅಳೆಯುತ್ತಿದ್ದಳು. ಅವಳ ಮೊಳ ಚಿಕ್ಕದು, ನಿಜ. ಆದರೆ ಅಳತೆಗೊಂದು ಮಾನ ಬೇಕು, ಅದನ್ನು ಮತ್ತೆ ಮತ್ತೆ ಇಡಬೇಕು ಎಂಬ ಗಣಿತದ ತಿರುಳು ಅಲ್ಲಿದೆ. ಅರ್ಥ ಕಟ್ಟುವ ಈ ಶಕ್ತಿಗೆ ಬಡವ ಬಲ್ಲಿದನೆಂಬ ಭೇದವಿಲ್ಲ. ಅದನ್ನು ಕಾಣುವ ಕಣ್ಣು ಹಿರಿಯರಿಗಿದೆಯೆ ಎಂಬುದಷ್ಟೇ ಪ್ರಶ್ನೆ.

ನಮ್ಮ ಮನೆಗಳಲ್ಲಿ ನಿತ್ಯ ಕಾಣುವ ಇನ್ನೊಂದು ನೋಟವನ್ನು ವಾಚಕರು ನೆನೆಯಬಹುದು. ತಾತನವರು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕುಳಿತಿರುತ್ತಾರೆ. ಮೊಮ್ಮಗ ಅಂಗಳದ ನುಣುಪಾದ ಕಲ್ಲೊಂದನ್ನು ತಂದು ತನ್ನ ಪುಟ್ಟ ಎಡಗೈಯಲ್ಲಿಟ್ಟು, ಹಣೆಗೆ ವಕ್ರವಕ್ರವಾಗಿ ಮೂರು ಗೆರೆ ವಿಭೂತಿ ಬಳಿದುಕೊಂಡು, ಕಣ್ಣು ಮುಚ್ಚಿ ಕೂರುತ್ತಾನೆ. ನಡುನಡುವೆ ಒಂದು ಕಣ್ಣು ತೆರೆದು ತಾತನನ್ನು ನೋಡಿಕೊಳ್ಳುತ್ತಾನೆ. ನಾವು ನಗುತ್ತೇವೆ. ನಗಬಾರದು. ಮನೆಯಲ್ಲಿ ಬೆಲೆಯುಳ್ಳದ್ದು ಯಾವುದು, ಅದನ್ನು ಹೇಗೆ ಹಿಡಿಯಬೇಕು, ಆಗ ಮೌನ ಏಕೆ ಬೇಕು ಎಂಬುದನ್ನು ಅವನು ಮೈಯಿಂದಲೇ ಓದುತ್ತಿದ್ದಾನೆ.

ಕಿವಿಯ ಓದು

ಕಣ್ಣಿನ ಓದಿಗಿಂತ ಕಿವಿಯ ಓದು ಹಿರಿದು. ವಚನ ಎಂಬ ಮಾತಿಗೇ ನುಡಿದದ್ದು ಎಂದರ್ಥ. ನಮ್ಮ ಮನೆಗಳ ಮಕ್ಕಳು ವಚನವನ್ನು ಓದುವ ಮೊದಲು ಕೇಳಿಯೇ ಕಲಿಯುತ್ತಾರೆ. ಜೋಗುಳ, ಒಗಟು, ಅಡುಗೂಲಜ್ಜಿಯ ಕಥೆ, ಬೆರಳಾಟದ ಪದ ಇವೆಲ್ಲ ಅಕ್ಷರವಿಲ್ಲದ ಪಠ್ಯಪುಸ್ತಕಗಳು. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಅವರು ಶಿಶುಗೀತೆ ಬರೆದದ್ದು ಓದು ಬಾರದ ಮಕ್ಕಳ ನಾಲಗೆಯ ಮೇಲೆ ಕನ್ನಡ ಕುಣಿಯಲೆಂದೇ. ಬಸವೇಶ್ವರನಗರದ ಮುಖ್ಯರಸ್ತೆಯೊಂದಕ್ಕೆ ಸಿದ್ದಯ್ಯ ಪುರಾಣಿಕರ ಹೆಸರಿದೆ. 'ಕಾವ್ಯಾನಂದ' ಎಂಬ ಹೆಸರಿನಿಂದ ಪ್ರಸಿದ್ಧರಾದ, ದೊಡ್ಡ ಸರ್ಕಾರಿ ಹುದ್ದೆಗಳಲ್ಲಿದ್ದ ಈ ಕವಿ (1918-1994) ಎಳೆಯರಿಗಾಗಿಯೂ ಪದ್ಯ ಬರೆದರು. ಆ ರಸ್ತೆಯಲ್ಲಿ ದಿನವೂ ಓಡಾಡುವ ನಮ್ಮಲ್ಲಿ ಎಷ್ಟು ಮಂದಿ ಮಕ್ಕಳಿಗೆ ಅವುಗಳಲ್ಲಿ ಒಂದನ್ನಾದರೂ ಹಾಡಿ ತೋರಿಸಿದ್ದೇವೆ?

ಪ್ರಾಸದ ಪದ್ಯದಿಂದ ಕಿವಿ ಹರಿತವಾಗುತ್ತದೆ. ಮಾತನ್ನು ತುಂಡು ತುಂಡಾಗಿ ಬಿಡಿಸಬಹುದು ಎಂಬುದು ಮಗುವಿಗೆ ಹೊಳೆಯುತ್ತದೆ. ಇಲ್ಲಿ ಕನ್ನಡದ ಮಕ್ಕಳಿಗೆ ಒಂದು ಭಾಗ್ಯವಿದೆ. ನಮ್ಮ ಲಿಪಿಯಲ್ಲಿ ಬಾಯಿಯ ಒಂದು ತುಂಡಿಗೆ ಬಹುಮಟ್ಟಿಗೆ ಒಂದು ಅಕ್ಷರ. ಬ-ಸ-ವ ಎಂದು ಮೂರು ಚಪ್ಪಾಳೆ ತಟ್ಟಿದರೆ ಕಾಗದದ ಮೇಲೂ ಮೂರೇ ಅಕ್ಷರ. ಈ ಚಪ್ಪಾಳೆಯ ಆಟಕ್ಕೆ ಸ್ಲೇಟೂ ಬೇಡ, ಬಳಪವೂ ಬೇಡ.

ಆದರೆ ಅದೇ ಲಿಪಿಯ ವಿಸ್ತಾರವನ್ನೂ ನೋಡಬೇಕು. ವರ್ಣಮಾಲೆಯ 49 ಅಕ್ಷರಗಳಲ್ಲಿ 34 ವ್ಯಂಜನಗಳು. ಇವು 13 ಸ್ವರಗಳೊಡನೆ ಕೂಡಿದಾಗಲೇ 442 ರೂಪಗಳಾಗುತ್ತವೆ. ಒತ್ತಕ್ಷರಗಳ ಲೆಕ್ಕ ಬೇರೆ. ಕನ್ನಡ ಓದು ಕಲಿಯುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಅಕ್ಷರಸಂಪತ್ತು ಪೂರ್ತಿ ಕೈವಶವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕಾಗುತ್ತವೆಂದು ತೋರಿಸಿತು. ನಾಲ್ಕನೆಯ ತರಗತಿಯವರೆಗೂ ನಡೆಯುವ ಸಹಜವಾದ ಪಯಣವನ್ನು ನಾಲ್ಕನೆಯ ವಯಸ್ಸಿಗೇ ಮುಗಿಸಹೊರಡುವುದು ಎಂಥ ಅವಸರ!

ಅವಸರದ ಫಲ

ಕೈಯ ವಿಚಾರವೂ ಇದೆ. ಹುಟ್ಟಿದ ಮಗುವಿನ ಮಣಿಕಟ್ಟಿನಲ್ಲಿ ಮುಂದೆ ಎಂಟು ಮೂಳೆಗಳಾಗಬೇಕಾದವು ಇನ್ನೂ ಮೆದುವಾಗಿರುತ್ತವೆ. ಅವು ಒಂದೊಂದಾಗಿ, ವರ್ಷಗಳ ಕಾಲ ಗಟ್ಟಿಯಾಗುತ್ತಾ ಬರುತ್ತವೆ. ಕೊನೆಯದು ಗಟ್ಟಿಯಾಗುವ ಹೊತ್ತಿಗೆ ಮಗುವಿಗೆ ಸುಮಾರು ಹತ್ತು ವರ್ಷವಾಗಿರುತ್ತದೆ. ಮೂರರ ಹರೆಯದ ಬೆರಳಿಗೆ ಹಿಟ್ಟು ನಾದುವುದು, ಅವರೆಕಾಯಿ ಸುಲಿಯುವುದು, ಮಣ್ಣಿನಲ್ಲಿ ಆಡುವುದು ಹಿತ. ಕಿರಿದಾದ ಎರಡು ಗೆರೆಗಳ ನಡುವೆ ಪೆನ್ಸಿಲು ನಡೆಸುವುದು ಶಿಕ್ಷೆ. ಹಿಂದಿನ ಕೂಲಿಮಠಗಳಲ್ಲಿ ಶಿಸ್ತು ಕಠಿಣವಾಗಿತ್ತೆಂಬುದು ನಿಜವಾದರೂ, ಓನಾಮ ತಿದ್ದಿಸುತ್ತಿದ್ದುದು ಮರಳಿನ ಮೇಲೆ, ಬೆರಳಿನಿಂದ. 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು ಭಾರತದ ಶಿಕ್ಷಕರಿಗೆ ತರಬೇತಿ ನೀಡಿದ ಇಟಲಿಯ ಮರಿಯಾ ಮಾಂಟೆಸ್ಸೋರಿ ಅವರೂ ಉಪ್ಪುಕಾಗದದ ಅಕ್ಷರಗಳ ಮೇಲೆ ಮೊದಲು ಬೆರಳಾಡಿಸಲು ಹೇಳಿದರು. ಸ್ಪರ್ಶ ಮೊದಲು, ಲೇಖನಿ ಆಮೇಲೆ.

ಸರ್ಕಾರದ ನೀತಿಯೂ ಈಗ ಈ ಹಾದಿಗೇ ಬಂದಿದೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಮೊದಲ ಅಂಗನವಾಡಿಗಳು ನಮ್ಮ ರಾಜ್ಯದಲ್ಲಿ ಬಾಗಿಲು ತೆರೆದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿಯ ಹಂತವೆಂದು ಕರೆದು, ಆಟವನ್ನೂ ಮನೆಮಾತನ್ನೂ ಅದರ ನಡುವಿಗಿಟ್ಟಿತು. ಒಂದನೆಯ ತರಗತಿಗೆ 6 ವರ್ಷ ತುಂಬಿರಬೇಕೆಂದು ನಮ್ಮ ರಾಜ್ಯ 2022ರಲ್ಲಿ ಆದೇಶಿಸಿತು. ಪೋಷಕರ ಒತ್ತಾಯದ ಮೇರೆಗೆ 2025-26ನೆಯ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಆ ದಿನಗಳಲ್ಲಿ ಮನೆಮನೆಯಲ್ಲೂ ಮಗುವಿನ ತಿಂಗಳುಗಳನ್ನು ಬೆರಳು ಮಡಿಚಿ ಎಣಿಸಿದೆವು. ಆ ತಿಂಗಳುಗಳಲ್ಲಿ ಮಗು ಏನು ಮಾಡುತ್ತಿದೆ ಎಂದು ಕೇಳಿದವರು ವಿರಳ.

ಅವಸರದಿಂದ ಆಗುವ ನಷ್ಟ ಮೊದಲಿಗೆ ಕಣ್ಣಿಗೆ ಬೀಳುವುದಿಲ್ಲ. ತಾನು ಹೇಳಬೇಕಾದುದನ್ನು ಗೆರೆಯಲ್ಲಿ ಹೇಳುತ್ತಿದ್ದ ಮಗು, ಬರಹವೆಂದರೆ ಇತರರು ಬೇಕೆಂದುದನ್ನು ತುಂಬಿಸುವುದು ಎಂದು ತಿಳಿದುಕೊಳ್ಳುತ್ತದೆ. ಅಕ್ಷರ ಬರುತ್ತದೆ, ಹೇಳುವ ಮಾತು ಹಿಂಜರಿಯುತ್ತದೆ. ಮನೆಯಲ್ಲಿ ಕನ್ನಡದಲ್ಲಿ ಕಟ್ಟಿಕೊಂಡ ಅರ್ಥಲೋಕವನ್ನು ಬಾಗಿಲಲ್ಲೇ ಬಿಟ್ಟು ಬಾರದ ಭಾಷೆಯ ತರಗತಿಗೆ ಹೋಗುವ ಮಗುವಿಗಂತೂ ಈ ನಷ್ಟ ಇಮ್ಮಡಿ. ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ತನ್ನ ನುಡಿಯಲ್ಲಿ ಕಥೆ ಕಟ್ಟಬಲ್ಲ ಮಗು ಇನ್ನೊಂದು ನುಡಿಯಲ್ಲೂ ಕಟ್ಟುತ್ತದೆ. ಕಟ್ಟುವುದನ್ನೇ ಮರೆತ ಮಗು ಯಾವ ನುಡಿಯಲ್ಲಿ ತಾನೆ ಕಟ್ಟೀತು?

ಮನೆಯವರು ಮಾಡಬಹುದಾದುದು

ಇದಕ್ಕೆ ಹಣ ಬೇಕಿಲ್ಲ, ಹೊತ್ತು ಬೇಕು. ಮಗು ಗೀಚಿದ್ದನ್ನು ತಂದು ತೋರಿಸಿದಾಗ ಬರಿದೆ "ಚೆನ್ನಾಗಿದೆ" ಎನ್ನುವುದಕ್ಕಿಂತ "ಇದರ ಕಥೆ ಹೇಳು" ಎನ್ನಬೇಕು. ಅದು ಹೇಳಿದ ಮಾತನ್ನು, ಹೇಳಿದಂತೆಯೇ, ಚಿತ್ರದ ಕೆಳಗೆ ಬರೆದು ಓದಿ ತೋರಿಸಬೇಕು. ತನ್ನ ಮಾತು ಕಾಗದದ ಮೇಲೆ ಕುಳಿತು ಮತ್ತೆ ದನಿಯಾಗುವುದನ್ನು ಕಂಡ ಮಗುವಿಗೆ ಅಕ್ಷರದ ಹಸಿವು ತಾನಾಗಿಯೇ ಹುಟ್ಟುತ್ತದೆ.

ಗೋಡೆಯ ಒಂದು ಮೂಲೆಯನ್ನೋ ಅಂಗಳದ ಒಂದು ಬದಿಯನ್ನೋ ಮಕ್ಕಳ ಗೀಚಾಟಕ್ಕೆ ಬಿಟ್ಟುಕೊಡಬೇಕು. ಅಜ್ಜಿ ರಂಗೋಲಿಯ ಚುಕ್ಕಿ ಇಡುವಾಗ ಮಗುವಿಗೂ ಒಂದು ಚಿಟಿಕೆ ಪುಡಿ ಇರಲಿ. ಆಟಿಕೆ ಕೊಳ್ಳುವಾಗ ಗುಂಡಿ ಒತ್ತಿದರೆ ತಾನೇ ಕುಣಿದು ಹಾಡುವಂಥವುಗಳಿಗಿಂತ, ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲೇ ಮುಂದೆ ಸಿಗುವ ಚನ್ನಪಟ್ಟಣದ ಸರಳ ಮರದ ಗೊಂಬೆ ಮೇಲು. ಎಲ್ಲವನ್ನೂ ತಾನೇ ಮಾಡುವ ಆಟಿಕೆ ಮಗುವಿಗೆ ಮಾಡಲು ಏನನ್ನೂ ಉಳಿಸುವುದಿಲ್ಲ. ಮೊಬೈಲಿನ ಮಾತೂ ಅಷ್ಟೆ. ಅದು ಕಥೆ ಹೇಳೀತು, ಆದರೆ ಮಗುವಿನ "ಯಾಕೆ?" ಎಂಬ ಪ್ರಶ್ನೆಗೆ ನಿಂತು ಉತ್ತರ ಕೊಡದು.

ಒಂದು ಎಚ್ಚರಿಕೆಯ ಮಾತು. ಎರಡು ವರ್ಷ ತುಂಬಿದರೂ ಎರಡು ಮಾತು ಜೋಡಿಸದ, ಕರೆದರೆ ತಿರುಗದ, ಬೆರಳು ಚಾಚಿ ಏನನ್ನೂ ತೋರದ ಮಗುವನ್ನು "ನಿಧಾನವಾಗಿ ಬರುತ್ತದೆ" ಎಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಕಿವಿಯ ದೋಷವಿದ್ದರೆ ಬೇಗ ತಿಳಿದಷ್ಟೂ ಒಳಿತು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಮಕ್ಕಳಿಗಾಗಿಯೇ ದುಡಿಯುತ್ತಿದೆ. ಅಕ್ಷರಕ್ಕೆ ಅವಸರ ಬೇಡ, ಆರೈಕೆಗೆ ತಡ ಬೇಡ.

ಮತ್ತೆ ಅದೇ ಮನೆಯಲ್ಲಿ

ದಸರೆಯ ಹೊತ್ತಿಗೆ ಅದೇ ಬಂಧುಗಳ ಮನೆಗೆ ಇನ್ನೊಮ್ಮೆ ಹೋಗುವ ಸಂದರ್ಭ ಬಂತು. ಅಂದಿನ ಕ್ಯಾಲೆಂಡರಿನ ಹಾಳೆ ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಕೊಂಡಿತ್ತು. ಪ್ರತಿಯೊಂದು ಗೆರೆಯ ಕೆಳಗೂ ಅಜ್ಜಿ ತಮ್ಮ ದುಂಡನೆಯ ಅಕ್ಷರದಲ್ಲಿ ಸಾಮಾನಿನ ಹೆಸರು ಬರೆದಿದ್ದರು. ಮಗು ಅದರ ಮುಂದೆ ಬಹಳ ಹೊತ್ತು ನಿಂತಿದ್ದು, ಹುಬ್ಬು ಗಂಟಿಕ್ಕಿ ಕೇಳಿತು:

"ಅಜ್ಜಿ, ನೀನು ಬರೆದಿರೋ ಅಕ್ಕಿ ಉಪ್ಪಿನಷ್ಟೇ ಇದೆಯಲ್ಲ, ಯಾಕೆ?"

ಅಜ್ಜಿ ಪಾಠ ಹೇಳಲಿಲ್ಲ. "ಎಲ್ಲಿ, ಚಪ್ಪಾಳೆ ತಟ್ಟು ನೋಡೋಣ" ಎಂದರು. ಅಕ್-ಕಿ, ಎರಡು ಚಪ್ಪಾಳೆ. ಉಪ್-ಪು, ಅದೂ ಎರಡೇ. ಮಗು ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ತಾನಾಗಿಯೇ ಬಿಸ್-ಕತ್-ತು ಎಂದು ಮೂರು ತಟ್ಟಿ, ಅಜ್ಜಿ ಬರೆದ ಬಿಸ್ಕತ್ತಿನ ಮೇಲೆ ಬೆರಳಾಡಿಸಿ, "ಇದು ಉದ್ದ!" ಎಂದು ಕೂಗಿತು.

ಗಾತ್ರದಿಂದ ಸದ್ದಿಗೆ, ಗೆರೆಯಿಂದ ಅಕ್ಷರಕ್ಕೆ ಆ ಮಗು ದಾಟಿದ ಹೊಸ್ತಿಲು ಅದು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಂದೆ ಮೊಬೈಲನ್ನು ಕಪಾಟಿನ ಮೇಲಿಟ್ಟು ಒಳಗೆ ಬಂದು ಮಗಳ ಪಕ್ಕದಲ್ಲಿ ಕುಳಿತರು. "ನನ್ನ ಹೆಸರಿಗೆ ಎಷ್ಟು ಚಪ್ಪಾಳೆ, ಹೇಳು ಮಗಳೆ" ಎಂದರು.